ದಿನಕ್ಕೊಂದು ಓಮೆರ್: ನಮ್ಮ ಅಗತ್ಯ, ನಮ್ಮ ಆತ್ಮಿಕ ಬೆಳವಣಿಗೆ

ಓದುವ ಭಾಗ: ವಿಮೋಚನಕಾಂಡ 16:13-30

ಪ್ರಿಯ ಯೌವನಸ್ಥರೇ, ಪುತ್ತೂರಿನಿಂದ ಬೆಂಗಳೂರಿಗೆ ಕೆಲಸಕ್ಕೆ ಹೋದ ಒಬ್ಬ ತಮ್ಮ ಮೊನ್ನೆ ಫೋನ್ ಮಾಡಿ ಕೇಳಿದ: "ಪಾಸ್ಟ್ರೇ, ರೂಮ್ ಬಾಡಿಗೆ, ಬೈಕಿನ ಇಎಂಐ, ಮನೆಗೆ ಕಳಿಸುವ ದುಡ್ಡು. ಇದರ ಮಧ್ಯೆ ಪ್ರಾರ್ಥನೆಗೆ ಸಮಯ ಎಲ್ಲುಂಟು?" ನನಗೆ ಅವನನ್ನು ಗದರಿಸ್ಲಿಕ್ಕೆ ಆಗ್ಲಿಲ್ಲ. ಅದೇ ಗುಂಡಿಯಲ್ಲಿ ನಾನೂ ಬಿದ್ದವನು.

ಮೊದಲನೇದು, ಅಗತ್ಯ ಪಾಪವಲ್ಲ. ಅರಣ್ಯದಲ್ಲಿ ಇಸ್ರಾಯೇಲ್ಯರು ಗುಣುಗುಟ್ಟಿದರು. ಆದರೂ ದೇವರು ಅವರನ್ನು ಹಸಿವಿನಲ್ಲಿ ಬಿಡಲಿಲ್ಲ, ಮನ್ನ ಕೊಟ್ಟರು. ಆದರೆ ಅದು ನೇರವಾಗಿ ಬಟ್ಟಲಿಗೆ ಬಂದು ಬೀಳಲಿಲ್ಲ. ಬೆಳಿಗ್ಗೆ ಎದ್ದು ಹೋಗಿ ಕೂಡಿಸಬೇಕಿತ್ತು, ಬಿಸಿಲೇರಿದರೆ ಕರಗಿ ಹೋಗ್ತಿತ್ತು. ವಿಶ್ವಾಸ ಉಂಟು ಅಂತ ಮಲಗಿದವನಿಗೆ ಮನ್ನ ಇಲ್ಲ. ಪೌಲನೂ ಕೊರಿಂಥದಲ್ಲಿ ಗುಡಾರ ಹೊಲಿದು ದುಡಿದವನೇ.

ಎರಡನೇದು, ಅದಕ್ಕೊಂದು ಅಳತೆ ಉಂಟು. ತಲೆಗೆ ಒಂದು ಓಮೆರ್. ನಾಳೆಗೆ ಇರ್ಲಿ ಅಂತ ಮುಚ್ಚಿಟ್ಟದ್ದು ಹುಳ ಬಿದ್ದು ನಾರಿತು. ಆರನೇ ದಿನ ಮಾತ್ರ ಎರಡು ಪಾಲು ಇಟ್ಟರೂ ಕೆಡಲಿಲ್ಲ, ಯಾಕಂದ್ರೆ ಅದು ದೇವರು ಹೇಳಿ ಇಡಿಸಿದ್ದು. ಹಾಗಾಗಿ ಉಳಿತಾಯ ತಪ್ಪಲ್ಲ. ಭಯದಿಂದ, ದುರಾಸೆಯಿಂದ ಕೂಡಿಡುವುದು ತಪ್ಪು.

ಮೂರನೇದು, ನಿಲ್ಲಿಸುವ ದಿನ ಉಂಟು. ಏಳನೇ ದಿನ ಹುಡುಕ್ಲಿಕ್ಕೆ ಹೋದವರಿಗೆ ಏನೂ ಸಿಗಲಿಲ್ಲ. ಸುಳ್ಯ, ಕಡಬ ಕಡೆಯವರಿಗೆ ಇದು ಬೇಗ ಅರ್ಥ ಆಗ್ತದೆ. ರಬ್ಬರ್ ಟ್ಯಾಪಿಂಗ್ ಮುಂಜಾನೆಯೇ ಆಗಬೇಕು, ಬಿಸಿಲೇರಿದರೆ ಹಾಲು ಕಡಿಮೆ. ಆದರೆ ಸಾಮಾನ್ಯವಾಗಿ ದಿನ ಬಿಟ್ಟು ದಿನ. ಆಸೆಗೆ ಬಿದ್ದು ಅತಿಯಾಗಿ ಕೆತ್ತಿದರೆ ತೊಗಟೆ ಒಣಗಿ ಹಾಲೇ ನಿಲ್ತದೆ. ಮರ ನಿಂತಿರ್ತದೆ, ಒಳಗೆ ಬತ್ತಿರ್ತದೆ.

ನನ್ನ ಕಥೆಯೂ ಅದೇ. ಬೈಬಲ್ ಕಾಲೇಜಿಗೆ ಹೋಗುವ ಮೊದಲು ಒಂದು ಕಂಪನಿಯಲ್ಲಿದ್ದೆ. ಭಾನುವಾರದ ಓವರ್‌ಟೈಮ್ ನಾನೇ ಕೇಳಿ ತಗೊಳ್ತಿದ್ದೆ. ಸಾಲ ತೀರುವವರೆಗೆ ಮಾತ್ರ ಅಂತ ಹೇಳಿಕೊಂಡೆ. ಸಾಲ ತೀರಿತು, ಹೊಸ ಫೋನ್ ಬಂತು, ಓವರ್‌ಟೈಮ್ ನಿಲ್ಲಲಿಲ್ಲ. ಒಂದು ರಾತ್ರಿ ಅಮ್ಮ ಆಸ್ಪತ್ರೆಯಲ್ಲಿದ್ದಾಗ ಪ್ರಾರ್ಥಿಸ್ಲಿಕ್ಕೆ ಮೊಣಕಾಲೂರಿದೆ. ಬಾಯಿಗೆ ಒಂದು ಮಾತೂ ಬರಲಿಲ್ಲ. ಅಕೌಂಟಲ್ಲಿ ದುಡ್ಡಿತ್ತು, ಒಳಗೆ ಬತ್ತಿತ್ತು. ಆ ರಾತ್ರಿ ಬರೀ ಅತ್ತೆ. ಆ ಅಳುವನ್ನೂ ಕರ್ತನು ಕೇಳಿದನು.

ಇನ್ನು ಒಂದು ಮಾತು ಸಭೆಗೆ. ಸಾಲದಲ್ಲಿ, ಹಸಿವಿನಲ್ಲಿ ಇರುವ ತಮ್ಮ ತಂಗಿಯರಿಗೆ ಬರೀ "ಪ್ರಾರ್ಥನೆ ಮಾಡಿ" ಅಂತ ಹೇಳಿ ಕಳಿಸಬೇಡಿ. ಯಾಕೋಬ 2:15-16 ಓದಿ ನೋಡಿ. ಹೆಚ್ಚು ಕೊಟ್ಟರೆ ಹೆಚ್ಚು ಸಿಗ್ತದೆ ಅಂತ ಅವರ ಕೈಯಿಂದ ಕಾಣಿಕೆ ಕೀಳುವುದೂ ಸುವಾರ್ತೆ ಅಲ್ಲ.

ಈ ವಾರ ಮೂರು ಕೆಲಸ ಮಾಡಿ. ನಿಮ್ಮ ಓಮೆರ್ ಎಷ್ಟು ಅಂತ ಕಾಗದದಲ್ಲಿ ಬರೆಯಿರಿ: ತಿಂಗಳಿಗೆ ನಿಜವಾಗಿ ಬೇಕಾದದ್ದೆಷ್ಟು? ಬೆಳಿಗ್ಗೆ ಮೊಬೈಲ್ ಮುಟ್ಟುವ ಮೊದಲು ವಾಕ್ಯ ತೆರೆಯಿರಿ. ವಾರದಲ್ಲಿ ಒಂದು ದಿನ ಕರ್ತನಿಗೆ ಬಿಡಿ. ಶಿಫ್ಟ್ ಕೆಲಸದವರಿಗೆ ಭಾನುವಾರ ಆಗದಿದ್ದರೆ, ರಜೆಯ ದಿನವನ್ನೇ ಬಿಡಿ.

ಮನ್ನ ನಾಳೆಯೂ ಬೀಳ್ತದೆ ಅಂತ ನಂಬುವವನಿಗೆ ಮಾತ್ರ ಇವತ್ತು ಕೈ ಮುಚ್ಚಿ ವಿಶ್ರಮಿಸ್ಲಿಕ್ಕೆ ಆಗ್ತದೆ. ಕರ್ತನು ನಿಮ್ಮನ್ನು ಆಶೀರ್ವದಿಸಲಿ. ಆಮೆನ್.