ಎದೆಯಲ್ಲಿ ಚುಳುಕ್ ಅಂದರೆ: ಗುರಿ ಇಟ್ಟುಕೊಂಡವರಿಗೆ 9 ಸೂತ್ರಗಳು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕೂ ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿ ಎಸ್ಸೆಸ್ಸೆಲ್ಸಿಗೆ ಓದುವವರಿದ್ದಾರೆ, ಪಿಡಿಒ ಹುದ್ದೆಗೆ ಕೋಚಿಂಗ್ ಸೇರಿದವರಿದ್ದಾರೆ, ಬೆಳಗಿನ ಬಸ್ ಹಿಡಿದು ವಸಂತನರಸಾಪುರದ ಫ್ಯಾಕ್ಟರಿಗೆ ಹೋಗುವವರಿದ್ದಾರೆ. ಇವರಲ್ಲಿ ಬಹಳ ಮಂದಿಗೆ ಒಂದಲ್ಲ ಒಂದು ದಿನ ಎದೆಯ ಎಡಗಡೆ ಚುಳುಕ್ ಅಂದಿರುತ್ತದೆ. ಆಗ ಕೆಲವರು 'ಗ್ಯಾಸ್ಟ್ರಿಕ್ ಇರ್ಬೇಕು ಬಿಡು' ಅಂತ ಸೋಡಾ ಕುಡಿದು ಮಲಗುತ್ತಾರೆ. ಕೆಲವರು ರಾತ್ರಿಯಿಡೀ ಮೊಬೈಲಿನಲ್ಲಿ ಹೃದಯಾಘಾತದ ವಿಡಿಯೊ ನೋಡುತ್ತಾ ಕೂರುತ್ತಾರೆ. ಎರಡೂ ತಪ್ಪು. ಯುವಕರಲ್ಲಿ ಕಾಣುವ ಸಣ್ಣ ಎದೆನೋವಿನಲ್ಲಿ ಹೆಚ್ಚಿನದು ಹೃದಯದಿಂದ ಬಂದದ್ದಲ್ಲ. ಆದರೆ ಅದನ್ನು ತೀರ್ಮಾನಿಸಬೇಕಾದ್ದು ಊಹೆಯಲ್ಲ, ಪರೀಕ್ಷೆ. ನೋವನ್ನು ಗುರುತಿಸುವುದೂ ಒಂದು ಸ್ಕಿಲ್. ಕಲಿಯಿರಿ.

1. ಅಪಾಯದ ಪಟ್ಟಿಯನ್ನು ಬಾಯಿಪಾಠ ಮಾಡಿ.

ಎದೆಯ ನಡುವೆ ಒತ್ತಿ ಹಿಡಿದಂತೆ, ಭಾರ ಹೇರಿದಂತೆ ಆಗುವುದು. ನೋವು ತೋಳಿಗೆ, ದವಡೆಗೆ, ಬೆನ್ನಿಗೆ ಹರಿಯುವುದು. ತಣ್ಣನೆಯ ಬೆವರು, ಏದುಸಿರು, ವಾಂತಿ, ತಲೆಸುತ್ತು. ಬೆಟ್ಟ ಹತ್ತುವಾಗ ಬಂದು, ಕೂತರೆ ಕಡಿಮೆಯಾಗುವುದು. ಇವುಗಳಲ್ಲಿ ಒಂದು ಕಂಡರೂ ಈ ಲೇಖನ ಪಕ್ಕಕ್ಕಿಡಿ, 108ಕ್ಕೆ ಫೋನ್ ಮಾಡಿ. ಬೈಕ್ ನೀವೇ ಓಡಿಸಿಕೊಂಡು ಹೋಗಬೇಡಿ. ಮನೆಯಲ್ಲಿ ಸಕ್ಕರೆ ಕಾಯಿಲೆಯವರು, ವಯಸ್ಸಾದ ಹೆಂಗಸರು ಇದ್ದರೆ ಇನ್ನೊಂದು ಮಾತು ನೆನಪಿಡಿ: ಅವರಿಗೆ ಎದೆನೋವೇ ಇಲ್ಲದೆ ಬರೀ ಸುಸ್ತು, ಉಬ್ಬಸ, ಹೊಟ್ಟೆಯ ಮೇಲ್ಭಾಗದ ಸಂಕಟವಾಗಿಯೂ ಹೃದಯಾಘಾತ ಬರಬಹುದು. 'ಅಮ್ಮನಿಗೆ ವಾಯು' ಅಂತ ನೀವೇ ತೀರ್ಪು ಕೊಡಬೇಡಿ.

2. ದೊಡ್ಡ ಊರಿಗೆ ಓಡಬೇಡಿ, ಹತ್ತಿರದ ಇಸಿಜಿಗೆ ಹೋಗಿ.

ಪಾವಗಡದಿಂದ ತುಮಕೂರಿಗೆ ಸುಮಾರು 100 ಕಿಲೋಮೀಟರ್. ಅಪಾಯದ ಲಕ್ಷಣ ಇರುವಾಗ ಅಷ್ಟು ದೂರವನ್ನು ಮೊದಲ ಹೆಜ್ಜೆ ಮಾಡಿಕೊಳ್ಳಬೇಡಿ. ರಾಜ್ಯ ಸರ್ಕಾರ 2023ರಲ್ಲಿ ನಟ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ತಂದ ಹೃದಯ ಜ್ಯೋತಿ ಯೋಜನೆಯ ಲೆಕ್ಕಾಚಾರವೇ ಇದು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುತ್ತಾರೆ, ದೂರದ ತಜ್ಞರು ಅದನ್ನು ಆನ್‌ಲೈನಿನಲ್ಲಿ ನೋಡುತ್ತಾರೆ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಬೇಕಾದರೆ ಉಚಿತವಾಗಿ ಕೊಡುತ್ತಾರೆ. ನಿಮ್ಮ ತಾಲ್ಲೂಕಿನಲ್ಲಿ ಇಪ್ಪತ್ನಾಲ್ಕು ಗಂಟೆ ಇಸಿಜಿ ಎಲ್ಲಿ ಸಿಗುತ್ತದೆ ಅಂತ ಇವತ್ತೇ ವಿಚಾರಿಸಿ, ಮನೆಯವರಿಗೂ ಹೇಳಿಡಿ.

3. ಒಂದು ಬೆರಳಿನಿಂದ ತೋರಿಸಿ.

ಇಲ್ಲಿ ನಿಧಾನವಾಗಿ ಓದಿ, ಏಕೆಂದರೆ ವಿದ್ಯಾರ್ಥಿಗಳನ್ನೂ ದುಡಿಯುವವರನ್ನೂ ಹೆಚ್ಚು ಹೆದರಿಸುವ ನೋವು ಇದು. ಪಕ್ಕೆಲುಬುಗಳು ಎದೆಮೂಳೆಗೆ ಕೂಡುವ ಜಾಗದಲ್ಲಿ ಮೆತ್ತನೆಯ ಎಲುಬು ಇರುತ್ತದೆ. ಅಲ್ಲಿ ಉರಿಯೂತ ಆದರೆ ಕಾಸ್ಟೊಕಾಂಡ್ರೈಟಿಸ್ ಅನ್ನುತ್ತಾರೆ. ಎರಡರಿಂದ ಐದನೆಯ ಪಕ್ಕೆಲುಬಿನ ಆಸುಪಾಸಿನಲ್ಲಿ ಇದು ಸಾಮಾನ್ಯ. ಎಡಗಡೆ ಬಂದರೆ 'ಹಾರ್ಟೇ' ಅಂತ ಜೀವ ಬಾಯಿಗೆ ಬರುತ್ತದೆ.

ಕೊಡಿಗೇನಹಳ್ಳಿ ಕಡೆಯಿಂದ ಬರುವ ಬೆಳಗಿನ ಬಸ್ ನೆನಪಿಸಿಕೊಳ್ಳಿ. ಸೀಟಿಲ್ಲ. ಪುಸ್ತಕ ತುಂಬಿದ ಬ್ಯಾಗು ಒಂದೇ ಹೆಗಲಿಗೆ ಜೋತುಬಿದ್ದಿದೆ. ಇನ್ನೊಂದು ಕೈ ಮೇಲಿನ ಕಂಬಿ ಹಿಡಿದಿದೆ. ಪ್ರತಿ ಬ್ರೇಕಿಗೂ ಆ ಕೈಯ ಬುಡದಿಂದ ಎದೆಯವರೆಗೆ ಸೆಳೆತ. ಕಾಲೇಜು ಮುಟ್ಟಿ ಡೆಸ್ಕಿನ ಮೇಲೆ ಬಾಗಿ ನಾಲ್ಕು ಗಂಟೆ ನೋಟ್ಸ್ ಬರೆದ ಮೇಲೆ ಎದೆಯ ಒಂದು ಚುಕ್ಕೆಯಲ್ಲಿ ಚುಚ್ಚಲು ಶುರು. ಪಾವಗಡದ ಸೋಲಾರ್ ಪಾರ್ಕಿನಲ್ಲಿ ಕೈ ಎತ್ತಿ ಪ್ಯಾನೆಲ್ ಒರೆಸುವವರಿಗೂ, ಶಿರಾದಲ್ಲಿ ಕಡ್ಲೇಕಾಯಿ ಮೂಟೆ ಹೊರುವವರಿಗೂ ಇದೇ ಕಥೆ. ಎಲ್ಲರದೂ ಎದೆಗೂಡಿನ ಮಾಂಸಖಂಡ, ಎಲುಬಿನ ದಣಿವು.

ನೋವಿನ ಜಾಗವನ್ನು ಒಂದು ಬೆರಳಿನಿಂದ ಒತ್ತಿ. ಅದೇ ನೋವು ಮರುಕಳಿಸಿತೇ? ಮಗ್ಗುಲು ತಿರುಗಿದರೆ, ಕೈ ಎತ್ತಿದರೆ, ಕೆಮ್ಮಿದರೆ ಹೆಚ್ಚಾಗುತ್ತದೆಯೇ? ಹಾಗಾದರೆ ಎದೆಗೂಡಿನ ನೋವಾಗಿರುವ ಸಾಧ್ಯತೆ ಹೆಚ್ಚು. ಆದರೂ ಇದು ಸುಳಿವು ಮಾತ್ರ. ಮೊದಲ ಸಲ ಬಂದಿದ್ದರೆ ಡಾಕ್ಟರಿಂದ ಖಚಿತಪಡಿಸಿಕೊಳ್ಳಿ. ಆಮೇಲೆ ಬಿಸಿ ಶಾಖ ಕೊಡಿ, ಬ್ಯಾಗನ್ನು ಎರಡೂ ಹೆಗಲಿಗೆ ಹಾಕಿ, ಗಂಟೆಗೊಮ್ಮೆ ಎದ್ದು ಭುಜ ಹಿಂದಕ್ಕೆ ತಿರುಗಿಸಿ. ವಾಸಿಯಾಗಲು ಕೆಲವು ವಾರ ಹಿಡಿಯಬಹುದು. ಹೀಗಾಗಿ 'ಇನ್ನೂ ಹೋಗಿಲ್ಲ' ಅಂತ ಮೂರನೇ ದಿನಕ್ಕೇ ಗಾಬರಿಯಾಗಬೇಡಿ. ನೋವಿನ ಮಾತ್ರೆಯನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ಖಾಲಿ ಹೊಟ್ಟೆಗೆ ನುಂಗಬೇಡಿ. ಎದೆನೋವು ಬಿಟ್ಟು ಹೊಟ್ಟೆನೋವು ಹಿಡಿಯುತ್ತದೆ.

4. ಸೆಕೆಂಡ್ ಎಣಿಸಿ.

ಸುಮ್ಮನೆ ಕೂತಿರುವಾಗ ಸೂಜಿ ಚುಚ್ಚಿದಂತೆ ನೋವು. ಉಸಿರು ಎಳೆದರೆ ಇನ್ನೂ ಜೋರು. ಕೆಲವು ಸೆಕೆಂಡಿನಿಂದ ಎರಡು ಮೂರು ನಿಮಿಷದೊಳಗೆ ಬಂದ ಹಾಗೇ ಮಾಯ. ಮಕ್ಕಳಲ್ಲಿ, ಹದಿಹರೆಯದವರಲ್ಲಿ ಕಾಣುವ ಇದನ್ನು ಪ್ರಿಕಾರ್ಡಿಯಲ್ ಕ್ಯಾಚ್ ಅನ್ನುತ್ತಾರೆ. ಹೃದಯಕ್ಕೂ ಇದಕ್ಕೂ ಸಂಬಂಧವಿಲ್ಲ, ಔಷಧವೂ ಬೇಡ. ನೆಟ್ಟಗೆ ಕೂತು ಮೆಲ್ಲಗೆ ಉಸಿರಾಡಿ, ಪುಟ ತಿರುಗಿಸಿ.

5. ಮುದ್ದೆಯನ್ನು ಬೈಯಬೇಡಿ, ಗಡಿಯಾರ ನೋಡಿ.

ರಾತ್ರಿ ಹನ್ನೊಂದಕ್ಕೆ ಓದು ಮುಗಿಸಿ, ಮುದ್ದೆ, ಖಾರದ ಸಾರು ಉಂಡು, ಹಾಗೇ ಚಾಪೆಗೆ ಬೀಳುತ್ತೀರಿ. ಜಠರದ ಹುಳಿ ಅನ್ನನಾಳಕ್ಕೆ ನುಗ್ಗುತ್ತದೆ. ಅನ್ನನಾಳ ಹೃದಯದ ಹಿಂದೆಯೇ ಹಾದುಹೋಗುತ್ತದೆ, ಎರಡರ ನೋವೂ ಹತ್ತಿರಹತ್ತಿರದ ನರಗಳಲ್ಲೇ ಮಿದುಳು ಮುಟ್ಟುತ್ತದೆ. ಆದ್ದರಿಂದ ಎದೆ ಉರಿಗೂ ಹೃದಯದ ನೋವಿಗೂ ವ್ಯತ್ಯಾಸ ಹೇಳುವುದು ಡಾಕ್ಟರಿಗೂ ಕೆಲವೊಮ್ಮೆ ಸುಲಭವಲ್ಲ. ತಪ್ಪು ರಾಗಿಯದಲ್ಲ, ಹೊತ್ತಿನದು. ಊಟಕ್ಕೂ ಮಲಗುವುದಕ್ಕೂ ಎರಡು ಮೂರು ಗಂಟೆ ಅಂತರ ಇಡಿ. ಹಾಸಿಗೆಯ ತಲೆಭಾಗ ಎತ್ತರಿಸಿ. ಎಡಮಗ್ಗುಲಲ್ಲಿ ಮಲಗಿ. ಖಾಲಿ ಹೊಟ್ಟೆಗೆ ಟೀ, ಸಂಜೆಗೆ ಬಜ್ಜಿ, ಮತ್ತೆ ಟೀ: ಈ ಟೈಮ್‌ಟೇಬಲ್ ಹರಿದುಹಾಕಿ. ಗ್ಯಾಸ್ ಮಾತ್ರೆ ದಿನಾ ಬೇಕಾಗುತ್ತಿದ್ದರೆ ಅದು ಮಾತ್ರೆಯ ಕೆಲಸವಲ್ಲ, ಡಾಕ್ಟರ ಕೆಲಸ.

6. ಭಯವನ್ನು ಭಯ ಅಂತಲೇ ಕರೆಯಿರಿ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡ ಮೇಲೆ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ತಪಾಸಣೆಗೆಂದು ಜನ ಮುಗಿಬಿದ್ದರು. 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಸಾಲಾಗಿ ಬಂದಾಗ ಮತ್ತೆ ಅದೇ ಕ್ಯೂ. ಜಯದೇವದ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿ ಪರಿಶೀಲಿಸಿ, ಹೃದಯಾಘಾತ ಹಿಂದಿಗಿಂತ ಅಸಹಜವಾಗಿ ಏರಿಲ್ಲ ಅಂತ ವರದಿ ಕೊಟ್ಟಿತು. ವರದಿ ಎಷ್ಟು ವಾಟ್ಸ್ಯಾಪ್ ಗ್ರೂಪಿಗೆ ತಲುಪಿತು? ಭಯ ಮಾತ್ರ ಎಲ್ಲ ಗ್ರೂಪಿಗೂ ತಲುಪಿತ್ತು.

ಪರೀಕ್ಷೆಯ ಹಿಂದಿನ ರಾತ್ರಿ ಎದೆ ಡವಡವ, ಬಿಗಿತ, ಬೆರಳಲ್ಲಿ ಜೋಮು, 'ಸತ್ತೇಹೋಗ್ತೀನಿ' ಅನ್ನುವ ಭಾವ: ಇದು ಪ್ಯಾನಿಕ್ ಅಟ್ಯಾಕ್ ಆಗಿರಬಹುದು. ಸಾಮಾನ್ಯವಾಗಿ ಹತ್ತು ನಿಮಿಷದಲ್ಲಿ ತುದಿ ಮುಟ್ಟಿ ಇಳಿಯುತ್ತದೆ. ಜೋಮು ಬರುವುದು ಅತಿಯಾಗಿ ಉಸಿರಾಡಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗುವುದರಿಂದ. ನಾಲ್ಕು ಎಣಿಸುತ್ತಾ ಉಸಿರು ಒಳಗೆ, ಆರು ಎಣಿಸುತ್ತಾ ಹೊರಗೆ. ಐದು ನಿಮಿಷ ಮಾಡಿ. ಆದರೆ ಮೊದಲ ಸಲವೇ ಹೀಗಾದರೆ, ಇದು ಭಯವೋ ಹೃದಯವೋ ಅಂತ ಮನೆಯಲ್ಲಿ ಕೂತು ತೀರ್ಮಾನಿಸಬೇಡಿ, ಇಸಿಜಿ ಮಾಡಿಸಿ. ಅದು ಸರಿಯಿದ್ದೂ ಪದೇಪದೇ ಬರುತ್ತಿದ್ದರೆ 14416ಕ್ಕೆ ಕರೆ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ರ‍್ಯಾಂಕ್ ಬರುವವರಿಗೂ ಇದು ಬರುತ್ತದೆ. ನಾಚಿಕೆಗೆ ಇಲ್ಲಿ ಕೆಲಸವಿಲ್ಲ.

7. ಜ್ವರ, ಕೆಮ್ಮು, ಗುಳ್ಳೆ ಜೊತೆಗಿದ್ದರೆ ಕಾಯಬೇಡಿ.

ಜ್ವರದ ಜೊತೆ ಉಸಿರೆಳೆದರೆ ಪಕ್ಕೆ ಹಿಡಿಯುವುದು ಶ್ವಾಸಕೋಶದ ಸೋಂಕಿರಬಹುದು. ಎರಡು ವಾರ ಮೀರಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಕಫ ಪರೀಕ್ಷೆ ಇದೆ, ಮಾಡಿಸಿ. ಎದೆಯ ಒಂದೇ ಪಕ್ಕ ಪಟ್ಟಿಯಂತೆ ಉರಿದು ಆಮೇಲೆ ಗುಳ್ಳೆ ಎದ್ದರೆ ಸರ್ಪಸುತ್ತು. ಕೆಮ್ಮಣ್ಣು ಬಳಿಸುತ್ತಾ ದಿನ ಕಳೆಯಬೇಡಿ. ಗುಳ್ಳೆ ಕಂಡ 72 ಗಂಟೆಯೊಳಗೆ ಮಾತ್ರೆ ಶುರುವಾದರೆ ಹೆಚ್ಚು ಗುಣ.

8. ಓಟದ ನೋವನ್ನು ಹಲ್ಲುಕಚ್ಚಿ ತಡೆಯಬೇಡಿ.

ಕಾನ್‌ಸ್ಟೆಬಲ್ ಹುದ್ದೆಗೆ ಗಂಡುಮಕ್ಕಳು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ಆ ಹಟ ಒಳ್ಳೆಯದೇ. ಆದರೆ ಓಡುವಾಗಲೇ ಎದೆ ಬಿಗಿದರೆ, ಕಣ್ಣು ಕತ್ತಲೆ ಬಂದರೆ, ಬಿದ್ದರೆ ಅಂದಿನ ಪ್ರಾಕ್ಟೀಸ್ ಅಲ್ಲಿಗೇ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ದಿಢೀರ್ ತೀರಿಕೊಂಡಿದ್ದರೆ ಡಾಕ್ಟರಿಗೆ ತಪ್ಪದೇ ಹೇಳಿ. ಅವರು ಇಸಿಜಿ ಜೊತೆ ಎಕೋ ಸ್ಕ್ಯಾನ್ ಮಾಡಿಸಲು ಹೇಳಬಹುದು. ಒಂದು ವಾರ ತಡವಾದರೆ ಹುದ್ದೆ ಓಡಿಹೋಗುವುದಿಲ್ಲ.

9. ಡಾಕ್ಟರ ಮುಂದೆ ಉತ್ತರ ಸಿದ್ಧವಿಟ್ಟುಕೊಂಡು ಕೂರಿ.

'ಎದೆನೋವು ಸಾರ್' ಅಂದರೆ ಸಾಲದು. ಯಾವಾಗ ಶುರುವಾಯಿತು, ಎಷ್ಟು ಹೊತ್ತು ಇತ್ತು, ಏನು ಮಾಡಿದರೆ ಹೆಚ್ಚು, ಏನು ಮಾಡಿದರೆ ಕಮ್ಮಿ, ಎಲ್ಲಿಗೆ ಹರಿಯಿತು, ಬೀಡಿ ಸಿಗರೇಟ್ ಅಭ್ಯಾಸ ಇದೆಯೇ: ಚೀಟಿಯಲ್ಲಿ ಬರೆದುಕೊಂಡು ಹೋಗಿ. ನೋವು ಇರುವಾಗಲೇ ಹೋದರೆ ಇನ್ನೂ ಒಳ್ಳೆಯದು. ಒಂದು ಇಸಿಜಿ ಸರಿಯಿದ್ದೂ ನೋವು ನಿಲ್ಲದಿದ್ದರೆ ಡಾಕ್ಟರು ಮತ್ತೊಂದು ಇಸಿಜಿ, ಟ್ರೋಪೊನಿನ್ ರಕ್ತಪರೀಕ್ಷೆ ಮಾಡಿಸಬಹುದು, ಬೇಸರಪಡದೆ ಕಾಯಿರಿ. ಎಲ್ಲ ನೋಡಿ 'ಹಾರ್ಟ್ ತೊಂದರೆ ಅಲ್ಲ' ಅಂದರೆ ನಂಬಿ. ಅದೇ ನೋವಿಗೆ ಇನ್ನೊಂದು ಊರಿನಲ್ಲಿ ಇನ್ನೊಂದು ಇಸಿಜಿ ಅಂತ ಅಲೆಯುವುದು ಒಂದು ಚಟ, ಬಿಡಿ. ನೋವಿನ ಸ್ವಭಾವ ಬದಲಾದರೆ ಮಾತ್ರ ಮತ್ತೆ ಹೋಗಿ. ಇಸಿಜಿ ಕಾಗದದ ಗೆರೆ ಮಾಸುತ್ತದೆ. ಅವತ್ತೇ ಫೋನಿನಲ್ಲಿ ಫೋಟೊ ತೆಗೆದಿಡಿ, ತಾರೀಖು ಹಾಕಿ. ಮುಂದೆ ಯಾವತ್ತಾದರೂ ಬೇರೆ ಡಾಕ್ಟರಿಗೆ ತೋರಿಸಬೇಕಾಗಿ ಬಂದರೆ, ಹೊಸದರ ಪಕ್ಕ ಇಟ್ಟು ನೋಡಲು ಅವರು ಮೊದಲು ಕೇಳುವುದು ಆ ಹಳೆಯ ಇಸಿಜಿಯನ್ನೇ.