ಬೇಸಿಗೆಯ ಹಾಲುಗುಂಬಳ: ರುಚಿ ನೋಡಿಯೇ ಒಲೆಗೇರಿಸಿ

ಗ್ರೀಷ್ಮ ಋತುವಿನಲ್ಲಿ ಸೂರ್ಯನ ತಾಪದಿಂದ ದೇಹದ ಬಲ ಕುಗ್ಗುತ್ತದೆ, ಹಸಿವೂ ಮಂದವಾಗುತ್ತದೆ. ಈ ಕಾಲಕ್ಕೆ ಮಧುರವೂ ಲಘುವೂ ಸ್ನಿಗ್ಧವೂ ಶೀತವೂ ದ್ರವಾಂಶವುಳ್ಳದ್ದೂ ಆದ ಆಹಾರ ಹಿತವೆಂದು ಆಯುರ್ವೇದ ವಿಧಿಸಿದೆ. ಈ ಗುಣಗಳಲ್ಲಿ ಬಹುಪಾಲನ್ನು ಒಂದೇ ಕಾಯಿಯಲ್ಲಿ ಅರಸುವುದಾದರೆ ಅದು ಹಾಲುಗುಂಬಳ. ಕೆಲವು ಕಡೆ ಇದನ್ನೇ ಸೋರೆಕಾಯಿ ಎನ್ನುತ್ತಾರೆ. ಸಂಸ್ಕೃತದಲ್ಲಿ ಇದರ ಹೆಸರು ಅಲಾಬು.

ಇತ್ತೀಚೆಗೆ ನಗರಗಳಲ್ಲಿರುವ ಮಕ್ಕಳ ಮನೆಗೆ ಹೋಗಿ ಬಂದ ತಾಯಂದಿರು ನಮ್ಮನ್ನು ಒಂದು ಪ್ರಶ್ನೆ ಕೇಳುತ್ತಿದ್ದಾರೆ. ಅಲ್ಲಿ ಜುಕಿನಿ ಎಂಬ ಕಾಯಿಯನ್ನು ಹಾಲಿನ ಕೆನೆ, ಮೈದಾ, ಚೀಸ್ ಬೆರೆಸಿ ಓವನ್ನಿನಲ್ಲಿ ಬೇಯಿಸುತ್ತಾರಂತೆ. ಮೊಮ್ಮಕ್ಕಳು ಚಪ್ಪರಿಸಿ ತಿನ್ನುತ್ತಾರಂತೆ. ಅದು ಒಳ್ಳೆಯದೇ, ನಮ್ಮ ಮನೆಗಳಲ್ಲಿ ಮಾಡಬಹುದೇ? ಮಾಡಬಹುದು. ಜುಕಿನಿಯೂ ಹಾಲುಗುಂಬಳವೂ ಒಂದೇ ಕುಟುಂಬದ ಬಳ್ಳಿತರಕಾರಿಗಳು. ಆದರೆ ಕಾಯಿ ಹಗುರವಾಗಿದ್ದರೂ ಅದರ ಮೇಲೆ ಹೇರುವ ಮೈದಾ ಮತ್ತು ಚೀಸ್ ಬೇಸಿಗೆಯ ಜಠರಕ್ಕೆ ಭಾರವಾಗುತ್ತವೆ. ಹಾಲಿಗೆ ಉಪ್ಪು ಬೆರೆಸಿ ಉಣ್ಣುವುದನ್ನು ಚರಕಾಚಾರ್ಯರು ವಿಮಾನಸ್ಥಾನದಲ್ಲಿ ಉಪ್ಪಿನ ಅತಿಬಳಕೆಯ ಉದಾಹರಣೆಯಾಗಿಯೇ ಹೇಳಿದ್ದಾರೆ. ಆದುದರಿಂದ ಕೆನೆಯ ನುಣುಪನ್ನು ಹೆಸರುಬೇಳೆ ಮತ್ತು ತೆಂಗಿನಕಾಯಿಯಿಂದ ಪಡೆಯುವ ಒಂದು ವಿಧಾನವನ್ನು ಮುಂದೆ ಕೊಟ್ಟಿದ್ದೇವೆ. ಅದಕ್ಕೂ ಮೊದಲು ಒಂದು ಎಚ್ಚರಿಕೆಯ ಮಾತು ಹೇಳಬೇಕಾಗಿದೆ.

ನಮ್ಮಿಂದಾದ ಒಂದು ಲೋಪ

ಹಲವು ವರ್ಷಗಳ ಹಿಂದೆ ಮಧುಮೇಹದಿಂದ ಬಳಲುತ್ತಿದ್ದ ಹಿರಿಯರೊಬ್ಬರಿಗೆ ಬೇಸಿಗೆಯಲ್ಲಿ ಹಾಲುಗುಂಬಳದ ರಸ ಸೇವಿಸಲು ನಾವು ಸೂಚಿಸಿದ್ದೆವು. ಒಂದು ಮುಂಜಾನೆ ಅವರ ಮನೆಯವರು ಅವರನ್ನು ಎತ್ತಿಕೊಂಡೇ ನಮ್ಮ ಚಿಕಿತ್ಸಾಲಯಕ್ಕೆ ಬಂದರು. ರಸ ಕುಡಿದ ಅರ್ಧ ಗಂಟೆಯೊಳಗೆ ವಾಂತಿ, ಭೇದಿ, ಹೊಟ್ಟೆನೋವು ಒಟ್ಟಾಗಿ ಆರಂಭವಾಗಿದ್ದವು, ನಾಡಿ ಕ್ಷೀಣವಾಗಿತ್ತು. ವಿಚಾರಿಸಲಾಗಿ, "ರಸ ಬಹಳ ಕಹಿ ಇತ್ತು ಡಾಕ್ಟರೇ. ಹಾಗಲಕಾಯಿಯಂತೆ ಇದೂ ಕಹಿಯಾದಷ್ಟೂ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಪೂರ್ತಿ ಕುಡಿದೆ" ಎಂದರು. ಯಾವ ಕಷಾಯವನ್ನೂ ಕೊಡದೆ ಕೂಡಲೇ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ಅಲ್ಲಿ ಡ್ರಿಪ್ ಹಾಕಿ ನಾಲ್ಕು ದಿನ ಉಪಚರಿಸಿದ ಮೇಲೆ ಅವರು ಚೇತರಿಸಿಕೊಂಡರು. ರಸ ಕುಡಿಯಿರಿ ಎಂದು ಹೇಳಿದ್ದ ನಾವು, ಕಾಯಿಯ ರುಚಿ ನೋಡಿ ಕುಡಿಯಿರಿ ಎಂದು ಹೇಳಿರಲಿಲ್ಲ. ಆ ಲೋಪ ನಮ್ಮದು. ಅಂದಿನಿಂದ ಈ ಮಾತನ್ನು ಹೇಳದೆ ಹಾಲುಗುಂಬಳದ ಹೆಸರೆತ್ತಿಲ್ಲ.

ಕಹಿ ಏಕೆ ಬರುತ್ತದೆ?

ಕುಂಬಳದ ಕುಟುಂಬದ ಸಸ್ಯಗಳು ತಮ್ಮನ್ನು ಮೇಯಲು ಬರುವ ಕೀಟ, ಪ್ರಾಣಿಗಳಿಂದ ರಕ್ಷಿಸಿಕೊಳ್ಳಲು ಕುಕುರ್ಬಿಟಾಸಿನ್ ಎಂಬ ಕಹಿ ವಿಷವಸ್ತುಗಳನ್ನು ತಯಾರಿಸುತ್ತವೆ. ತಲೆಮಾರುಗಳಿಂದ ಸಿಹಿ ಕಾಯಿಯ ಬೀಜವನ್ನೇ ಆರಿಸಿ ಬಿತ್ತುತ್ತ ಬಂದುದರಿಂದ ನಮ್ಮ ಅಡುಗೆಯ ತಳಿಗಳಲ್ಲಿ ಈ ಅಂಶ ಅತ್ಯಲ್ಪ. ಆದರೆ ನೀರಿನ ಕೊರತೆ, ವಿಪರೀತ ಬಿಸಿಲು, ಕಾಡುತಳಿಯ ಪರಾಗಸ್ಪರ್ಶದಿಂದ ಕಟ್ಟಿದ ಬೀಜ, ಇಂತಹ ಕಾರಣಗಳಿಂದ ಅದು ಮತ್ತೆ ಹೆಚ್ಚಬಹುದು. ಹಿತ್ತಲಿನಲ್ಲಿ ತಾನಾಗಿ ಹುಟ್ಟಿದ ಬಳ್ಳಿಯ ಕಾಯಿಯ ವಿಷಯದಲ್ಲಿ ವಿಶೇಷ ಜಾಗರೂಕತೆ ಬೇಕು. ಹೊರನೋಟಕ್ಕೆ ಕಹಿಕಾಯಿಗೂ ಸಿಹಿಕಾಯಿಗೂ ಭೇದ ತಿಳಿಯದು. ಬೇಯಿಸಿದರೂ ಈ ವಿಷ ನಾಶವಾಗದು.

ನಮ್ಮ ಪ್ರಾಚೀನರಿಗೆ ಈ ಭೇದ ಚೆನ್ನಾಗಿ ತಿಳಿದಿತ್ತು. ಚರಕಸಂಹಿತೆಯ ಕಲ್ಪಸ್ಥಾನದ ಮೂರನೆಯ ಅಧ್ಯಾಯ ಇಕ್ಷ್ವಾಕುವಿಗೆ, ಅಂದರೆ ಕಹಿ ಸೋರೆಗೆ ಮೀಸಲಾಗಿದೆ. ಅಲ್ಲಿ ಅದು ತರಕಾರಿಯಲ್ಲ. ವೈದ್ಯನು ಅಳೆದು ಕೊಡಬೇಕಾದ ವಮನದ್ರವ್ಯ, ವಾಂತಿ ಮಾಡಿಸುವ ಔಷಧ. ನಮ್ಮ ಕಾಲದಲ್ಲಿಯೂ ಕಹಿ ಸೋರೆಯ ರಸ ಕುಡಿದು ಮರಣ ಹೊಂದಿದ ಪ್ರಕರಣಗಳು ವರದಿಯಾದಾಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿ ಪರಿಶೀಲನೆ ನಡೆಸಿತು. 2012ರಲ್ಲಿ ಪ್ರಕಟವಾದ ಅದರ ವರದಿಯ ಸಲಹೆ ಸರಳ: ರಸ ತೆಗೆಯುವ ಮೊದಲು ಸಣ್ಣ ತುಂಡಿನ ರುಚಿ ನೋಡಬೇಕು, ಕಹಿಯಾದರೆ ಎಸೆಯಬೇಕು, ಬೇರೆ ರಸಗಳನ್ನು ಅದರೊಡನೆ ಬೆರೆಸಬಾರದು. ಬೆರೆಸಿದರೆ ಕಹಿ ಮರೆಯಾಗುತ್ತದೆ, ವಿಷ ಉಳಿಯುತ್ತದೆ. ಮಸಾಲೆ, ತೆಂಗು, ಕೆನೆ ಹಾಕಿದ ಅಡುಗೆಗೂ ಇದೇ ಮಾತು ಅನ್ವಯಿಸುತ್ತದೆ.

ಅಡುಗೆಯ ವಿಧಾನ (ನಾಲ್ವರಿಗೆ)

ಬೇಕಾಗುವ ಸಾಮಗ್ರಿ: ಎಳೆಯ ಹಾಲುಗುಂಬಳ ಅರ್ಧ ಕಿಲೊ, ಗಜ್ಜರಿ 1, ಹೆಸರುಬೇಳೆ 50 ಗ್ರಾಂ, ಹಸಿ ತೆಂಗಿನ ತುರಿ 1 ಸಣ್ಣ ಬಟ್ಟಲು, ಗಸಗಸೆ 1 ಚಮಚ, ಹಸಿಮೆಣಸಿನಕಾಯಿ 2, ಹಸಿಶುಂಠಿ ಅರ್ಧ ಅಂಗುಲ, ತುಪ್ಪ 2 ಚಮಚ, ಜೀರಿಗೆ, ಇಂಗು, ಕರಿಬೇವು, ಕೊತ್ತಂಬರಿ ಸೊಪ್ಪು, ಹುರಿದ ಶೇಂಗಾ ಪುಡಿ 2 ಚಮಚ, ರುಚಿಗೆ ಉಪ್ಪು.

ಮೊದಲು ಕಾಯಿಯನ್ನು ತೊಳೆದು, ಎರಡೂ ತುದಿಗಳಿಂದ ಒಂದೊಂದು ತೆಳು ಚೂರು ಕೊಯ್ದು ನಾಲಗೆಗೆ ತಾಗಿಸಿ ನೋಡಬೇಕು. ಕಹಿಯೆನಿಸಿದರೆ ಉಗುಳಿ, ಬಾಯಿ ಮುಕ್ಕಳಿಸಿ, ಇಡೀ ಕಾಯಿಯನ್ನು ಎಸೆಯಬೇಕು, ದನಗಳಿಗೂ ಹಾಕಬಾರದು. ಕಾಯಿಗಳು ಎಷ್ಟಿದ್ದರೂ ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು.

ಹೆಸರುಬೇಳೆಯನ್ನು ಅರ್ಧ ಗಂಟೆ ನೆನೆಸಿ, ಮೆತ್ತಗೆ ಬೇಯಿಸಿಟ್ಟುಕೊಳ್ಳಬೇಕು. ಗಸಗಸೆಯನ್ನು ಬಿಸಿನೀರಿನಲ್ಲಿ ನೆನೆಸಿ, ತೆಂಗಿನ ತುರಿ, ಶುಂಠಿ, ಮೆಣಸಿನಕಾಯಿಯೊಡನೆ ನುಣ್ಣಗೆ ಅರೆಯಬೇಕು. ದಪ್ಪ ತಳದ ಪಾತ್ರೆಯಲ್ಲಿ ತುಪ್ಪ ಕಾಯಿಸಿ ಜೀರಿಗೆ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟು, ಸಿಪ್ಪೆ ತೆಗೆದು ಹೆಚ್ಚಿದ ಹಾಲುಗುಂಬಳ ಮತ್ತು ಗಜ್ಜರಿಯನ್ನು ಹಾಕಬೇಕು. ನೀರು ಸೇರಿಸಬಾರದು, ಕಾಯಿಯಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ನೀರೇ ಇರುವುದರಿಂದ ಅದೇ ಸಾಕಾಗುತ್ತದೆ. ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ 12 ರಿಂದ 15 ನಿಮಿಷ ಬೇಯಿಸಬೇಕು. ಬಳಿಕ ಬೇಳೆ, ಅರೆದ ಮಿಶ್ರಣ, ಉಪ್ಪು ಬೆರೆಸಿ ಐದು ನಿಮಿಷ ಹದವಾಗಿ ಕಾಯಿಸಬೇಕು. ರಭಸದಿಂದ ಕುದಿಸಿದರೆ ತೆಂಗು ಒಡೆದು ನುಣುಪು ಕೆಡುತ್ತದೆ. ಇಳಿಸಿದ ಮೇಲೆ ಶೇಂಗಾ ಪುಡಿ ಮತ್ತು ಕೊತ್ತಂಬರಿಯನ್ನು ಉದುರಿಸಿ ಬಿಸಿ ಜೋಳದ ರೊಟ್ಟಿಯೊಡನೆ ಸೇವಿಸಬಹುದು. ಜುಕಿನಿ ದೊರೆತರೆ ಅದನ್ನೂ ಹೀಗೆಯೇ ಮಾಡಬಹುದು. ಅದಕ್ಕೆ ಸಿಪ್ಪೆ ತೆಗೆಯಬೇಕಿಲ್ಲ, ಆದರೆ ರುಚಿ ಪರೀಕ್ಷೆ ತಪ್ಪಿಸುವಂತಿಲ್ಲ.

ಗಮನಿಸಬೇಕಾದುದು

ಮಧುಮೇಹಿಗಳು ಈ ಪಲ್ಯವನ್ನು ಹಿತಮಿತವಾಗಿ ಸೇವಿಸಬಹುದು. ರಕ್ತದಲ್ಲಿ ಕೊಲೆಸ್ಟ್ರಾಲ್ ಹೆಚ್ಚಿರುವವರು ತೆಂಗನ್ನು ಅರ್ಧಕ್ಕೆ ಇಳಿಸಿ ಬೇಳೆಯನ್ನು ಹೆಚ್ಚಿಸಬೇಕು. ಮೂತ್ರಪಿಂಡದ ಕಾಯಿಲೆಯುಳ್ಳವರು ತಮ್ಮ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಕಹಿಕಾಯಿ ತಿಂದ ಅಥವಾ ಅದರ ರಸ ಕುಡಿದ ಮೇಲೆ ವಾಕರಿಕೆ, ವಾಂತಿ, ಭೇದಿ ಕಂಡರೆ ಮಜ್ಜಿಗೆ, ಲಿಂಬೆರಸ, ಮನೆಮದ್ದುಗಳಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಇದಕ್ಕೆ ಪ್ರತ್ಯೇಕ ಪ್ರತಿವಿಷವಿಲ್ಲ. ಸಕಾಲದ ಉಪಚಾರವೇ ಜೀವ ಉಳಿಸುತ್ತದೆ. ಏನು ತಿಂದರೆಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಜಾತ್ರೆ, ಪುಣ್ಯಸ್ಮರಣೆಗಳ ಸಂದರ್ಭದಲ್ಲಿ ದಾಸೋಹದ ಕೊಪ್ಪರಿಗೆಗೆ ನೂರಾರು ಕಾಯಿಗಳನ್ನು ಹೆಚ್ಚುವ ತಾಯಂದಿರಲ್ಲಿಯೂ ನಮ್ಮ ವಿನಂತಿ ಇಷ್ಟೇ. ಅವಸರ ಎಷ್ಟೇ ಇರಲಿ, ಪ್ರತಿ ಕಾಯಿಯ ಒಂದು ಚೂರನ್ನು ನಾಲಗೆಗೆ ತಾಗಿಸಿಯೇ ಕೊಪ್ಪರಿಗೆಗೆ ಹಾಕಿರಿ. ಆ ಅನ್ನವನ್ನು ನಂಬಿ ಪಂಕ್ತಿಯಲ್ಲಿ ಕುಳಿತವರಲ್ಲಿ ಮಕ್ಕಳೂ ವೃದ್ಧರೂ ಇರುತ್ತಾರೆ.