ಮರೆವಿನ ಕಾಯಿಲೆಯವರಿಗೆ ಆಪರೇಷನ್: ಒಪ್ಪಿಗೆ ಯಾರದ್ದು?

ಅಮ್ಮ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದಿದೆ, ಆಪರೇಷನ್ ಆಗಬೇಕು. ಡಿಮೆನ್ಷಿಯಾ ಇದೆ ಎಂದು ಹೇಳಿದ ಕೂಡಲೇ ಒಪ್ಪಿಗೆ ಪತ್ರ ಮಗನ ಕೈಗೆ ಬರುತ್ತದೆ. ಮಂಚದ ಮೇಲಿರುವವರನ್ನು ಯಾರೂ ಮಾತನಾಡಿಸುವುದಿಲ್ಲ. ಹಲವೆಡೆ ಇದೇ ರೂಢಿ. ಕಾನೂನು ಮಾತ್ರ ಮೊದಲು ಅಮ್ಮನನ್ನೇ ಕೇಳಿ ಎನ್ನುತ್ತದೆ.

ಸಮೀರಾ ಕೊಹ್ಲಿ ಪ್ರಕರಣದಲ್ಲಿ (2008) ರೋಗಿ ಅರಿವಳಿಕೆಯಲ್ಲಿದ್ದಾಗ ವೈದ್ಯರು ತಾಯಿಯ ಒಪ್ಪಿಗೆ ಪಡೆದು ಹೆಚ್ಚುವರಿ ಶಸ್ತ್ರಚಿಕಿತ್ಸೆ ನಡೆಸಿದ್ದರು. ಜೀವಕ್ಕೆ ಅಪಾಯವಿರಲಿಲ್ಲ, ಆಕೆ ಎಚ್ಚರಗೊಳ್ಳುವವರೆಗೆ ಕಾಯಬೇಕಿತ್ತು ಎಂದಿತು ಸುಪ್ರೀಂ ಕೋರ್ಟ್. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಕಾಯಿಲೆ ಇದೆ ಎಂಬುದಷ್ಟರಿಂದಲೇ ಯಾರನ್ನೂ ಬುದ್ಧಿ ಸ್ವಾಧೀನದಲ್ಲಿಲ್ಲದವರೆಂದು ಎಣಿಸುವಂತಿಲ್ಲ. ಹಾಗೆಂದು ನ್ಯಾಯಾಲಯವೇ ಘೋಷಿಸಬೇಕು. ಮೂಳೆಯ ಆಪರೇಷನ್ನಿಗೆ ಈ ಕಾಯ್ದೆ ನೇರವಾಗಿ ಅನ್ವಯಿಸದು. ಆದರೂ ಅದರ ಅಳತೆಗೋಲು ನಮಗೆ ಬೇಕು: ಹೇಳಿದ್ದು ಅರ್ಥವಾಗುತ್ತದೆಯೇ, ಒಪ್ಪಿದರೆ ಅಥವಾ ಬೇಡವೆಂದರೆ ಏನಾಗುತ್ತದೆಂದು ತಿಳಿಯುತ್ತದೆಯೇ, ಮಾತಿನಲ್ಲೋ ಸನ್ನೆಯಲ್ಲೋ ಉತ್ತರಿಸಬಲ್ಲರೇ? ಮೊಮ್ಮಗನ ಹೆಸರು ಮರೆತವರಿಗೂ ತಮ್ಮ ಕಾಲಿನ ಬಗ್ಗೆ ಹೇಳಲು ಮಾತಿರಬಹುದು.

ಆದ್ದರಿಂದ ಅವರು ತಿಳಿಯಾಗಿರುವ ಹೊತ್ತಿನಲ್ಲಿ, ಸಾಮಾನ್ಯವಾಗಿ ಬೆಳಿಗ್ಗೆ, ಕನ್ನಡಕ ಮತ್ತು ಶ್ರವಣಯಂತ್ರ ಹಾಕಿಸಿ, ಮನೆಮಾತಿನಲ್ಲೇ ವಿವರಿಸಲು ವೈದ್ಯರನ್ನು ಕೇಳಿ. ಏನು ಕೇಳಿದರು, ಏನು ಉತ್ತರ ಬಂತು ಎಂಬುದು ಕೇಸ್ ಶೀಟಿನಲ್ಲಿ ದಾಖಲಾಗಲಿ. ‘ಬೇಡ’ ಅಂದರೆ ಬುದ್ಧಿಯಿಲ್ಲ ಎಂದು ತಳ್ಳಿಹಾಕಬೇಡಿ. ಆ ಮಾತಿನ ಹಿಂದೆ ನೋವೋ ಭಯವೋ ಇರಬಹುದು.

ನಿರ್ಧರಿಸುವ ಶಕ್ತಿ ನಿಜಕ್ಕೂ ಇಲ್ಲದಿದ್ದರೆ? ವಯಸ್ಕರ ಪರವಾಗಿ ಆಪರೇಷನ್ನಿಗೆ ಯಾರು ಸಹಿ ಹಾಕಬೇಕೆಂದು ಸ್ಪಷ್ಟವಾಗಿ ಹೇಳುವ ಕೇಂದ್ರ ಕಾನೂನು ನಮ್ಮಲ್ಲಿಲ್ಲ. ಸಾವಿರಾರು ಮನೆಗಳನ್ನು ಕಾಡುವ ಈ ಕೊರತೆಯನ್ನು ಸಂಸತ್ತು ತುಂಬಲೇಬೇಕು. ಸದ್ಯಕ್ಕೆ ಗಂಡ, ಹೆಂಡತಿ ಅಥವಾ ಮಕ್ಕಳ ಸಹಿಯೇ ಆಧಾರ. ತುರ್ತಿನಲ್ಲಿ ಹೊಣೆಗಾರರು ಸಿಗದಿದ್ದರೆ, ಸದುದ್ದೇಶದಿಂದ ಚಿಕಿತ್ಸೆ ನೀಡಿದ ವೈದ್ಯರಿಗೆ ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಂ ರಕ್ಷಣೆ ಕೊಡುತ್ತದೆ. ಮಕ್ಕಳಲ್ಲೇ ಭಿನ್ನಾಭಿಪ್ರಾಯ ಬಂದು ಕಾಯುವಷ್ಟು ಸಮಯವಿದ್ದರೆ, ಪಾಲಕರ ನೇಮಕ ಕೋರಿ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಬಹುದು.

‘ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಮಾಡಿಸಿದ್ದೇವೆ, ಸಾಕು’ ಎಂದು ನಂಬಿದವರು ಬಹಳ. ಕರಾರು ಕಾಯ್ದೆಯ 201ನೇ ಕಲಮಿನಂತೆ, ಕೊಟ್ಟವರು ಬುದ್ಧಿಸ್ವಾಧೀನ ಕಳೆದುಕೊಂಡಾಗ ಆ ಅಧಿಕಾರವೂ ಕೊನೆಗೊಳ್ಳುತ್ತದೆ. ಕಾಯಿಲೆಯ ಆರಂಭದಲ್ಲೇ ಮಾಡಿಸಬೇಕಾದ್ದು ಎರಡು ಪತ್ರ. ಮಾನಸಿಕ ಚಿಕಿತ್ಸೆಯ ಮಟ್ಟಿಗೆ, ಬಿಳಿ ಹಾಳೆಯಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಒತ್ತಿ ಪ್ರತಿನಿಧಿಯನ್ನು ಹೆಸರಿಸಬಹುದು. ಚೇತರಿಕೆಯ ಆಸೆಯೇ ಇಲ್ಲದ ಸ್ಥಿತಿಯಲ್ಲಿ ಜೀವರಕ್ಷಕ ಯಂತ್ರಗಳು ಬೇಕೋ ಬೇಡವೋ ಎಂಬುದನ್ನು ಇಬ್ಬರು ಸಾಕ್ಷಿಗಳ ಮುಂದೆ ಬರೆದು, ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿ ಇಡಬಹುದು. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದ ಈ ವಿಧಾನ 2023ರಲ್ಲಿ ಸರಳವಾಯಿತು.

ಆಪರೇಷನ್ ನಂತರ ಎರಡು ಮೂರು ದಿನ ಗಲಿಬಿಲಿ ವಿಪರೀತವಾಗಬಹುದು: ಡ್ರಿಪ್ ಕಿತ್ತುಹಾಕುವುದು, ರಾತ್ರಿಯಿಡೀ ಕೂಗುವುದು. ಇದು ಡೆಲಿರಿಯಂ, ಚಿಕಿತ್ಸೆಯಿದೆ. ಪರಿಚಿತ ಮುಖವೊಂದು ಹತ್ತಿರವಿದ್ದರೆ ಎಷ್ಟೋ ಹಗುರಾಗುತ್ತದೆ, ಜೊತೆಗಿರಲು ಬಿಡಿ ಎಂದು ಮೊದಲೇ ಲಿಖಿತವಾಗಿ ಕೇಳಿ. ಕೈ ಕಟ್ಟಿದ್ದರೆ ಯಾರ ಆದೇಶ, ಯಾಕೆ, ಎಷ್ಟು ಹೊತ್ತು ಎಂದು ವಿಚಾರಿಸಿ. ಅನುಕೂಲಕ್ಕಾಗಿ ಕಟ್ಟುವುದು ಘನತೆಗೆ ಧಕ್ಕೆ.

ಚಿಕಿತ್ಸೆಯ ಬಗ್ಗೆ ದೂರಿದ್ದರೆ ಮೊದಲು ದಾಖಲೆ ಕೇಳಿ; ಕೇಳಿದ 72 ಗಂಟೆಯೊಳಗೆ ವೈದ್ಯರು ಕೊಡಬೇಕೆಂದು 2002ರ ವೈದ್ಯಕೀಯ ನಡಾವಳಿ ನಿಯಮ ಹೇಳುತ್ತದೆ. ಖಾಸಗಿ ಆಸ್ಪತ್ರೆಯ ಮೇಲಿನ ದೂರನ್ನು ಕರ್ನಾಟಕದಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ಕೊಡಬಹುದು. ಪರಿಹಾರ ಬೇಕಿದ್ದರೆ ಎರಡು ವರ್ಷದೊಳಗೆ ಗ್ರಾಹಕರ ಆಯೋಗದ ಬಾಗಿಲು ತಟ್ಟಿ. ಹಿರಿಯ ನಾಗರಿಕರ ಸಹಾಯವಾಣಿ 14567.